ಒಂದೇ ಸಾಲಿನ ಕಿಟಕಿ

ಅವರ ಎಡ ಅಂಗೈ ಸದಾ ನೀಲಿಯಾಗಿರುತ್ತಿತ್ತು. ಬಲಗೈಯಿಂದ ಬರೆಯುವ ಮನುಷ್ಯನ ಎಡಗೈಗೆ ಮಸಿ ಹತ್ತುವುದು ಹೇಗೆಂದು ಎಂಟನೇ ತರಗತಿಯಲ್ಲಿದ್ದ ನನಗೆ ಬಹಳ ದಿನ ತಿಳಿದಿರಲಿಲ್ಲ. ದಾಖಲಾತಿ ರಜಿಸ್ಟರಿನಲ್ಲಿ ಹೊಸ ಹೆಸರು ಬರೆಯುವಾಗ ಮೇಲಿನ ಸಾಲುಗಳು ಎದುರಿಗೆ ನಿಂತವರಿಗೆ ಕಾಣದಂತೆ ಅವರು ಎಡಗೈಯನ್ನು ಅಡ್ಡ ಇಡುತ್ತಿದ್ದರು. ಆ ಸಾಲುಗಳ ಮಸಿ ಇನ್ನೂ ಹಸಿಯಾಗಿರುತ್ತಿತ್ತು. ಜೂನ್ ತಿಂಗಳಲ್ಲಿ, ಹೆಸರು ಹಚ್ಚುವ ಗದ್ದಲದಲ್ಲಿ, ಸಂಜೆಯ ಹೊತ್ತಿಗೆ ಅಂಗೈಯೆಲ್ಲ ನೀಲಿ, ರಜಿಸ್ಟರೂ ಅಲ್ಲಲ್ಲಿ ಕಲೆ. ಹೆಡ್ ಮಾಸ್ತರರು ಬೈಯುತ್ತಿದ್ದರು. ಇವರು ಹೂಂ ಅಂದು, ಮನೆಗೆ ಹೋಗುವ ಮೊದಲು ನಲ್ಲಿಯ ಕೆಳಗೆ ಕೂತು ಅಂಗೈಗೆ ಸಾಬೂನು ಹಚ್ಚಿ ತಿಕ್ಕುತ್ತಿದ್ದರು. ಅಂಗೈ ಮೇಲೆ ಉಲ್ಟಾ ಮೂಡಿದ ಅಕ್ಷರವನ್ನು ಯಾರಾದರೂ ಓದಿಬಿಟ್ಟಾರೆಂಬ ಹೆದರಿಕೆ ಅವರಿಗೆ ಎಂದು ಹುಡುಗರು ನಗುತ್ತಿದ್ದರು. ಈಗ ಅನಿಸುತ್ತದೆ, ಹುಡುಗರು ಹೇಳಿದ್ದು ಸುಳ್ಳಿರಲಿಕ್ಕಿಲ್ಲ.

ಅವರು ಭಾಲ್ಕಿಯ ನಮ್ಮ ಹೈಸ್ಕೂಲಿನ ಕಾರಕೂನರು. ಎಲ್ಲರೂ ಕಾರಕೂನ ಸರ್ ಅನ್ನುತ್ತಿದ್ದೆವು. ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಮೇಲಿನಿಂದಲೇ ಎಡಗೈ ಅಡ್ಡ ಇಟ್ಟಾರು.

ಅವರ ಮೇಜಿನ ಖಾನೆಯಲ್ಲಿ ಒಂದು ರಟ್ಟಿನ ತುಂಡು ಇರುತ್ತಿತ್ತು. ಯಾವುದೋ ಬೂಟಿನ ಡಬ್ಬಿಯದು. ನಡುವೆ ಬ್ಲೇಡಿನಿಂದ ಉದ್ದಕ್ಕೆ ಒಂದು ಸೀಳು ಕತ್ತರಿಸಿದ್ದರು, ರಜಿಸ್ಟರಿನ ಒಂದೇ ಒಂದು ಸಾಲು ಕಾಣುವಷ್ಟು. ಮಗನ ಜನ್ಮದಿನಾಂಕ ನೋಡಬೇಕೆಂದು ಯಾರಾದರೂ ಬಂದರೆ ರಟ್ಟನ್ನು ಪುಟದ ಮೇಲಿಟ್ಟು, ಅವನ ಸಾಲಿಗೆ ಸರಿಸಿ, ಆಮೇಲೆ ರಜಿಸ್ಟರನ್ನು ಅವರ ಕಡೆ ತಿರುಗಿಸುತ್ತಿದ್ದರು. ಹುಡುಗರು ಅದಕ್ಕೆ ಕಾರಕೂನರ ಕಿಟಕಿ ಎಂದು ಹೆಸರಿಟ್ಟಿದ್ದರು. ಸುತ್ತಲಿನ ಊರುಗಳಲ್ಲಿ ಪಂಚರೆಲ್ಲ ಎದ್ದು ನಿಂತು ಕೈಮುಗಿಯುವ ಗೌಡರೊಬ್ಬರು ಒಮ್ಮೆ ಬಂದು, ರಟ್ಟು ತೆಗೆ ಮಾರಾಯಾ, ನನ್ನ ಮಗ ಒಬ್ಬನೇ ಏನು ಈ ಪುಟದಾಗ ಎಂದು ಸಿಡುಕಿದರು. ಕಾರಕೂನರು ರಟ್ಟಿನ ಮೇಲಿಂದ ಕೈ ತೆಗೆಯಲಿಲ್ಲ.

"ನಿಮ್ಮ ಸಾಲು ನೀವು ನೋಡ್ರಿ. ಮಗ್ಗಲ ಸಾಲು ಅಂದ್ರ ಮಗ್ಗಲ ಮನಿ ಇದ್ದಂಗ. ಹಣಿಕಿ ಹಾಕಬಾರದ್ರಿ."

ಇನ್ನೊಂದು ಪದ್ಧತಿಯಿತ್ತು. ಆಗೆಲ್ಲ ಸ್ಕಾಲರ್‌ಶಿಪ್ಪಿನ ಕಾಗದ ತುಂಬಿಸಬೇಕಾದಾಗ ಮಾಸ್ತರರು ತರಗತಿಗೆ ಬಂದು, ಇಂಥಿಂಥ ಜಾತಿಯವರು ಎದ್ದು ನಿಲ್ಲಿರಿ ಅನ್ನುತ್ತಿದ್ದರು. ಎದ್ದು ನಿಂತವರನ್ನು ಕೂತವರು ನೋಡುತ್ತಿದ್ದರು. ಇದು ಎಷ್ಟೋ ಶಾಲೆಗಳಲ್ಲಿ, ನಮ್ಮ ಮಾತಿನಲ್ಲಿ ಸಾಲಿಗಳಲ್ಲಿ, ನಡೆಯುತ್ತಿತ್ತು, ಯಾರಿಗೂ ಅದು ವಿಚಿತ್ರ ಅನಿಸುತ್ತಿರಲಿಲ್ಲ. ಕಾರಕೂನರು ಮಾತ್ರ ಅದನ್ನು ನಿಲ್ಲಿಸಿದ್ದರು. ತರಗತಿಯ ಪ್ರತಿಯೊಬ್ಬರಿಗೂ ಮಡಿಚಿದ ಚೀಟಿ ಬರುತ್ತಿತ್ತು, ಇಂಥ ಹೊತ್ತಿಗೆ ಆಫೀಸಿಗೆ ಬಾ ಎಂದು. ಸ್ಕಾಲರ್‌ಶಿಪ್ ಇದ್ದವರಿಗೂ ಅದೇ, ಇಲ್ಲದವರಿಗೂ ಅದೇ. ಇಲ್ಲದವರು ಹೋದರೆ, ನಿಮ್ಮ ಮನಿ ಮುಂದ ಬೋರಿಂಗ್ ಅದ ಏನು, ನೀರು ಹ್ಯಾಂಗ ಬರ್ತದ ಎಂದು ಏನೋ ಕೇಳಿ, ಒಂದು ಹಾಳೆಯ ಮೇಲೆ ಸುಮ್ಮನೆ ಗೀಚಿ ಕಳಿಸುತ್ತಿದ್ದರು. ನಮ್ಮ ತರಗತಿಯ ಸಾವುಕಾರರ ಮಗನೊಬ್ಬ ಮೂರು ವರ್ಷ ತನ್ನ ಮನೆಯ ಬೋರಿಂಗಿನ ಸುದ್ದಿ ಹೇಳಿದ. ಈ ಮನುಷ್ಯನಿಗೆ ತಲೆ ಕೆಟ್ಟಿದೆ ಎಂಬುದರಲ್ಲಿ ನಮಗ್ಯಾರಿಗೂ ಅನುಮಾನವಿರಲಿಲ್ಲ.

ನನಗಂತೂ ಅವರ ಮೇಲೆ ಸಿಟ್ಟೇ ಇತ್ತು. ಬೀದರಿನ ಗಾಂಧಿ ಗಂಜದಿಂದ ಒಬ್ಬ ಅಡತಿ ವ್ಯಾಪಾರಿ ಬಂದಿದ್ದರು. ಬಡ ಮಕ್ಕಳಿಗೆ ನೋಟ್‌ಬುಕ್ ಹಂಚಬೇಕು, ಬಡವರು ಯಾರ್ಯಾರು, ಎಲ್ಲಿರುತ್ತಾರೆ, ತಂದೆ ಏನು ಮಾಡುತ್ತಾನೆ, ಒಂದು ಪಟ್ಟಿ ಬರೆದುಕೊಡಿ ಅಂದರು. ಹೆಡ್ ಮಾಸ್ತರರಿಗೆ ಬಹಳ ಖುಷಿ. ಕಾರಕೂನರು, ನೋಟ್‌ಬುಕ್ ಇಲ್ಲಿಟ್ಟು ಹೋಗ್ರಿ, ಮುಟ್ಟಬೇಕಾದವರಿಗೆ ನಾ ಮುಟ್ಟಸ್ತೇನಿ, ಪಟ್ಟಿ ಕೊಡೂ ಪದ್ಧತಿ ಇಲ್ಲ ಅಂದುಬಿಟ್ಟರು. ವ್ಯಾಪಾರಿ ಮುಖ ಕೆಂಪಗೆ ಮಾಡಿಕೊಂಡು ಹೋದವರು ತಿರುಗಿ ಬರಲಿಲ್ಲ. ನೋಟ್‌ಬುಕ್ಕೂ ಬರಲಿಲ್ಲ. ಹೆಡ್ ಮಾಸ್ತರರು ತಿಂಗಳುಗಟ್ಟಲೆ ಅದನ್ನೇ ಆಡಿಕೊಂಡರು. ಆ ಪಟ್ಟಿಯಲ್ಲಿ ನನ್ನ ಹೆಸರು ಬರುವುದಿತ್ತು ಎಂದು ನನಗೆ ಖಾತ್ರಿ. ಆ ವರ್ಷ ಹಳೆಯ ನೋಟ್‌ಬುಕ್ಕುಗಳ ಹಿಂದಿನ ಖಾಲಿ ಹಾಳೆ ಹರಿದು ಹೊಲಿದುಕೊಂಡು ಬರೆದೆ. ಹೊಲಿಯುವಾಗೆಲ್ಲ ಕಾರಕೂನರಿಗೆ ಶಾಪ ಹಾಕಿದೆ.

ನಾವು ಭಾಲ್ಕಿಯವರಲ್ಲ. ನಮ್ಮದು ಔರಾದ ಕಡೆಯ ಹಳ್ಳಿ. ನಾನು ಏಳನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ ಅಪ್ಪ ಮತ್ತು ದೊಡ್ಡಪ್ಪ ಕೂಡಿ ನನ್ನನ್ನು ಅತ್ತೆಯ ಮಗನಿಗೆ ಕೊಡುವುದೆಂದು ಮಾತು ಮುಗಿಸಿದ್ದರು. ನನಗೆ ಹದಿಮೂರು, ಅವನಿಗೆ ಇಪ್ಪತ್ತೇಳು. ಅವ್ವ ಬೇಡ ಅಂದಳು, ಹೊಡೆತ ತಿಂದಳು, ಆಮೇಲೆ ಸುಮ್ಮನಾದಳು. ಸುಮ್ಮನಾದಳೆಂದು ಅವರು ತಿಳಿದರು. ಅವಳು ನನ್ನ ಟಿ.ಸಿ. ತೆಗೆದುಕೊಂಡು, ಒಂದು ಚೀಲದಲ್ಲಿ ಎರಡು ಸೀರೆ ತುರುಕಿ, ನನ್ನ ಕೈ ಹಿಡಿದು ಭಾಲ್ಕಿಯ ಬಸ್ಸು ಹತ್ತಿದ್ದಳು. ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ ಹಿಡಿದಳು. ಸಾಲಿಯಲ್ಲಿ ನನ್ನ ಹೆಸರು ಹಚ್ಚುವಾಗ ಇದನ್ನೆಲ್ಲ ಕಾರಕೂನರ ಎದುರಿಗೆ ಒಂದೇ ಉಸಿರಿಗೆ ಹೇಳಿದ್ದಳಂತೆ. ಅವರು ಎಲ್ಲ ಕೇಳಿ, ವಿಳಾಸ ಬರೆದುಕೊಂಡು, ಇಲ್ಲಿ ದಸ್ತಖತ್ ಮಾಡ್ರಿ ಅಂದರಂತೆ, ಅಷ್ಟೇ.

ದೀಪಾವಳಿ ರಜೆ ಮುಗಿದ ಮೇಲೆ ಒಂದು ದಿನ ನನಗೆ ಚೀಟಿ ಬಂತು. ಆಫೀಸಿಗೆ ಹೋಗಿ ಕಾರಕೂನರ ಮುಂದೆ ನಿಂತಿದ್ದೆ. ಹೊರಗಿನ ಪಡಸಾಲೆಯಲ್ಲಿ ಕೆಮ್ಮಿದ ಸದ್ದು ಕೇಳಿತು. ಆ ಕೆಮ್ಮು ನನಗೆ ಗೊತ್ತು. ದೊಡ್ಡಪ್ಪ. ಕಾಲು ತಾವಾಗಿಯೇ ಅಲ್ಮಾರಿಯ ಹಿಂದೆ ಹೋದವು. ಕಾರಕೂನರು ನೋಡಿದರು. ಮುಂದಿದ್ದ ರಜಿಸ್ಟರು ಮುಚ್ಚಿ ಅದರ ಮೇಲೆ ಎಡಗೈ ಇಟ್ಟುಕೊಂಡರು.

ದೊಡ್ಡಪ್ಪ ಪೇಡೆಯ ಡಬ್ಬಿ ತಂದಿದ್ದ. ಮಾತು ಬೆಣ್ಣೆ. ಬೀದರಿನ ಸಾಲಿಗಳನ್ನೆಲ್ಲ ನೋಡಿ ಬಂದೆ, ನಮ್ಮ ತಮ್ಮನ ಮಗಳು ಸಿಟ್ಟು ಮಾಡಿಕೊಂಡು ತಾಯಿ ಜೊತೆ ಬಂದಿದ್ದಾಳೆ, ಮನೆಯಲ್ಲಿ ಎಲ್ಲರಿಗೂ ಚಿಂತೆಯಾಗಿದೆ ಎಂದು ನನ್ನ ಹೆಸರು, ಅವ್ವನ ಹೆಸರು ಹೇಳಿದ.

"ಹೆಸರು ಅದನೋ ಇಲ್ಲೋ, ಅಷ್ಟ ಹೇಳ್ರಿ. ಹೋಗ್ತೇನಿ."

"ಅದ ಅಂತನೂ ಹೇಳೂದಿಲ್ಲ, ಇಲ್ಲ ಅಂತನೂ ಹೇಳೂದಿಲ್ಲರಿ," ಅಂದರು ಕಾರಕೂನರು. "ಹೆಸರು ಹಚ್ಚುವಾಗ ಯಾರು ದಸ್ತಖತ್ ಮಾಡಿರ್ತಾರೋ ಅವರು ಬಂದ್ರ ಅವರ ಸಾಲು ಅವರಿಗೆ ತೋರಸ್ತೇನಿ. ಬ್ಯಾರೆದವರಿಗೆ ಹೇಳೂ ಪದ್ಧತಿ ಇಲ್ಲ."

ಅಲ್ಮಾರಿಯ ಹಿಂದೆ ನನಗೆ ಎಲ್ಲ ಕೇಳಿಸುತ್ತಿತ್ತು. ಇಲ್ಲ ಎಂದು ಒಂದು ಸುಳ್ಳು ಹೇಳಿದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಆ ಭಯದಲ್ಲೂ ಸಿಟ್ಟು ಬಂತು. ನಾನು ಹೆದರಿದ ಹಾಗೆಯೇ ಆಯಿತು. ದೊಡ್ಡಪ್ಪನ ದನಿ ಬದಲಾಯಿತು.

"ಇಷ್ಟು ಮುಚ್ಚಿಡ್ಲತ್ತೀರಿ ಅಂದ್ರ ಹುಡುಗಿ ಇಲ್ಲೇ ಅದಾಳ."

ಆಗ ಒಳಕೋಣೆಯಿಂದ ಹೆಡ್ ಮಾಸ್ತರರು ಬಂದರು. ಅವರಿಗೆ ನನ್ನ ಸಂಗತಿ ಏನೂ ಗೊತ್ತಿರಲಿಲ್ಲ. ಗಂಜದ ವ್ಯಾಪಾರಿಯ ಸಿಟ್ಟು ಮಾತ್ರ ಹೊಟ್ಟೆಯಲ್ಲಿ ಹಾಗೆಯೇ ಇತ್ತು.

"ಇವರ ಮಾತಿಗೆ ತಲಿ ಕೆಡಿಸ್ಕೋಬ್ಯಾಡ್ರಿ ಯಜಮಾನ್ರ," ಅಂದರು. "ಇವರು ಎಲ್ಲಾರಿಗೂ ಹಿಂಗೇ. ಪುಕ್ಕಟ ನೋಟ್‌ಬುಕ್ ಕೊಡ್ಲಾಕ ಬಂದವರಿಗೂ ಹಿಂಗೇ ಅಂದು ಕಳಿಸ್ಯಾರ. ನಾಳೆ ನಾನೇ ಬಂದು ನನ್ನ ಮಗನ ಹೆಸರು ಕೇಳಿದ್ರ ನನಗೂ ಹಿಂಗೇ ಅಂತಾರ."

ದೊಡ್ಡಪ್ಪ ಇಬ್ಬರ ಮುಖವನ್ನೂ ನೋಡಿದ. ಆಮೇಲೆ ನಕ್ಕ. ಎಂಥಾ ಮನುಷ್ಯರು ಇರ್ತಾರಪ್ಪಾ ಎಂದು ಪೇಡೆಯ ಡಬ್ಬಿ ಎತ್ತಿಕೊಂಡು ಹೋದ. ಇನ್ನೂ ಎರಡು ಸಾಲಿ ನೋಡುವುದಿತ್ತು ಅವನಿಗೆ. ಅಲ್ಲೆಲ್ಲ ಬೇಗ ಇಲ್ಲ ಅಂದಿರಬೇಕು, ಮತ್ತೆ ನಮ್ಮ ಕಡೆ ಬರಲಿಲ್ಲ.

ಬರದೆ ಹೋದ ಆ ನೋಟ್‌ಬುಕ್ಕುಗಳು ನನ್ನನ್ನು ಉಳಿಸಿದವು ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾದವು. ಒಮ್ಮೆ ಅವರನ್ನೇ ಕೇಳಿದಾಗ ಹೇಳಿದರು: ಮುಚ್ಚಬೇಕಾದದ್ದನ್ನ ಅಷ್ಟ ಮುಚ್ಚಿದ್ರ, ಮುಚ್ಚಿದ್ದ ಕಡಿನೇ ಜನ ನೋಡ್ತಾರ. ಎಲ್ಲಾನೂ ಮುಚ್ಚಬೇಕು. ಬೋರಿಂಗ್ ಸುದ್ದಿನೂ ಮುಚ್ಚಬೇಕು.

ಅಂದು ಸಂಜೆ ನಾನು ಖಾನಾವಳಿಯ ಹಿಂದಿನ ಪಡಸಾಲೆಯಲ್ಲಿ ಕೂತಿದ್ದೆ. ಅವ್ವ ಒಲೆಯ ಮುಂದಿದ್ದಳು. ನಾನಿನ್ನೂ ಅವಳಿಗೆ ಏನೂ ಹೇಳಿರಲಿಲ್ಲ. ಹಿಂಬಾಗಿಲಿನಿಂದ ಕಾರಕೂನರು ಬಂದರು. ಹೊಸ್ತಿಲ ಹೊರಗೇ ನಿಂತರು.

"ತಂಗಿ, ಇವತ್ತು ಒಬ್ಬರು ಬಂದು ನಿಮ್ಮ ಹೆಸರು ಕೇಳಿದ್ರು. ನಾ ಏನೂ ಹೇಳಿಲ್ಲ. ಆದ್ರ ಕೇಳ್ಯಾರ ಅನ್ನೂದು ನಿಮಗ ಗೊತ್ತಿರಬೇಕು. ಮುಂದ ಏನು ಮಾಡೂದು ನಿಮಗ ಬಿಟ್ಟದ್ದು."

ಅವ್ವ ಹಂಚಿನ ಮೇಲೆ ಹಾಕಿದ್ದ ರೊಟ್ಟಿ ಕರಿಯಾಯಿತು. ಅವರು ಹೊರಟು ನಿಂತರು. ಉಣ್ಣದೆ ಹೋದರೆ ನನ್ನಾಣೆ ಎಂದು ಅವ್ವ ಅಡ್ಡ ನಿಂತಳು. ಕೊಡಲು ಅವಳ ಹತ್ತಿರ ಬೇರೇನಿತ್ತು? ಎರಡು ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಅವರು ಹಿತ್ತಲ ಕಟ್ಟೆಯ ಮೇಲೆ ಕೂತು ಬೇಗ ಬೇಗ ತಿಂದು, ಕೈ ತೊಳೆದುಕೊಂಡು ಹೋದರು. ಮುಂದಿನ ಎರಡು ತಿಂಗಳು ಅವ್ವ ನನ್ನನ್ನು ಸಾಲಿಯ ಹಿಂದಿನ ಗೇಟಿನಿಂದ ಬಿಟ್ಟು, ಅಲ್ಲಿಂದಲೇ ಕರೆದೊಯ್ದಳು. ಅತ್ತೆಯ ಮಗನಿಗೆ ಬೇರೆ ಕಡೆ ಲಗ್ನವಾಯಿತು. ನಾನು ಎಸ್ಸೆಸ್ಸೆಲ್ಸಿ ಪಾಸಾದೆ, ಡಿ.ಎಡ್. ಮಾಡಿದೆ, ಟೀಚರಾದೆ.

ಕೆಲಸ ಸಿಕ್ಕ ಸುದ್ದಿ ಹೇಳಲು ಹೋದಾಗ ಅವರು ನಿವೃತ್ತರಾಗಿ ಬೀದರಿನ ಮೈಲೂರಿನಲ್ಲಿ ಮನೆ ಮಾಡಿದ್ದರು. ಒಳಗೆ ಹೋಗಿ ಆ ಹಳೆಯ ರಟ್ಟು ತಂದು ನನ್ನ ಕೈಗೆ ಕೊಟ್ಟರು. ಅಂಚು ಸವೆದು ಮೆತ್ತಗಾಗಿತ್ತು. ನನಗೆ ನಗು ಬಂತು. ಈಗೆಲ್ಲ ಕಂಪ್ಯೂಟರ್ ಸರ್, ಪಾಸ್‌ವರ್ಡ್ ಇರ್ತದ ಅಂದೆ. ಇರಲಿ ಇಟ್ಕೋ ಅಂದರು.

ಆಮೇಲೆ ವರ್ಷಕ್ಕೆ ಎರಡು ಮೂರು ಸಲವಾದರೂ ಮೈಲೂರಿಗೆ ಹೋಗುತ್ತಿದ್ದೆ. ಅವರ ಹೆಂಡತಿಯನ್ನು ನಾನು ಕಾಕು ಅನ್ನುತ್ತೇನೆ. ಗಟ್ಟಿ ದನಿ, ಗಟ್ಟಿ ಕೈ, ಊಟ ಮಾಡದೆ ಬಿಡುವವರಲ್ಲ. ಬಡಿಸುವಾಗ ಗಂಡನ ಕಡೆ ಒಂದು ಮಾತು ಒಗೆಯದೆ ಇರುತ್ತಿರಲಿಲ್ಲ: "ನೀನರ ಉಣ್ಣವ್ವಾ. ಇವರಿಗಿ ನನ್ನ ಕೈ ಅಡಗಿ ಹಿಡಸೂದಿಲ್ಲ. ಖಾನಾವಳಿ ರುಚಿ ಇವರದ್ದು." ಕಾರಕೂನರು ತಲೆ ತಗ್ಗಿಸಿ ಉಣ್ಣುತ್ತಿದ್ದರು. ಗಂಡ ಹೆಂಡಿರ ಮಾತು ಅದು, ಎಲ್ಲರ ಮನೆಯಲ್ಲೂ ಒಂದಿರುತ್ತದೆ ಎಂದು ನಾನೂ ಉಣ್ಣುತ್ತಿದ್ದೆ.

ಈಗ ನನ್ನ ತಪ್ಪಿನ ಮಾತು. ನಾನು ಔರಾದದಲ್ಲಿ ಏಳನೇ ತರಗತಿಯ ಟೀಚರಾಗಿದ್ದೆ. ಮಕ್ಕಳ ವಿವರವನ್ನೆಲ್ಲ ತಿದ್ದಿ ಸಂಜೆಯೊಳಗೆ ಕಂಪ್ಯೂಟರಿಗೆ ಏರಿಸಬೇಕೆಂದು ಮೇಲಿನಿಂದ ಆದೇಶ ಬಂತು. ನೆಟ್‌ವರ್ಕ್ ಬಂದು ಹೋಗುತ್ತಿದೆ, ಕರೆಂಟ್ ಇಲ್ಲ, ಪಾಲಕರನ್ನು ಒಬ್ಬೊಬ್ಬರನ್ನಾಗಿ ಕರೆಸಲು ಹೊತ್ತಿಲ್ಲ. ನಾನು ಮಹಾ ಜಾಣೆ. ಇಡೀ ತರಗತಿಯ ಪಟ್ಟಿಯ ಫೋಟೊ ತೆಗೆದು ಪಾಲಕರ ವಾಟ್ಸಾಪ್ ಗುಂಪಿಗೆ ಹಾಕಿ, ತಪ್ಪಿದ್ದರೆ ತಿಳಿಸಿರಿ ಎಂದು ಬರೆದೆ. ಹೆಸರು, ಜಾತಿ, ವರಮಾನ, ಆಧಾರ್ ನಂಬರು, ಫೋನ್ ನಂಬರು, ಎಲ್ಲ. ಕೊನೆಯ ಕಾಲಮ್ಮಿನಲ್ಲಿ ನಾನೇ ನನ್ನ ನೆನಪಿಗೆಂದು ಪೆನ್ಸಿಲಿನಲ್ಲಿ ಬರೆದಿಟ್ಟ ಷರಾಗಳು. ಎರಡು ದಿನದ ಕೆಲಸ ಐದು ನಿಮಿಷದಲ್ಲಿ ಮುಗಿಯಿತೆಂದು ಚಹಾ ಕುಡಿದೆ.

ಒಬ್ಬ ಹುಡುಗಿಯ ಎದುರಿಗಿದ್ದ ಷರಾದಲ್ಲಿ ಅವಳ ಮನೆಯ ಸಂಗತಿ ಇತ್ತು, ಯಾವ ಮಗುವೂ ಓರಗೆಯವರಿಗೆ ತಿಳಿಯಬಾರದು ಅಂದುಕೊಳ್ಳುವಂಥದ್ದು. ಏನೆಂದು ಇಲ್ಲಿಯೂ ಬರೆಯುವುದಿಲ್ಲ. ಅವಳು ಅಜ್ಜಿಯ ಜೊತೆ ಇರುತ್ತಿದ್ದಳು. ನನ್ನನ್ನು ನಂಬಿ, ಒಂದು ಮಧ್ಯಾಹ್ನ ಎಲ್ಲರೂ ಆಡಲು ಹೋದಾಗ ಹೇಳಿದ್ದಳು. ನಾನು ಫೋಟೊ ಅಳಿಸುವ ಹೊತ್ತಿಗೆ ಅದು ಬೇರೆ ಗುಂಪುಗಳಿಗೂ ಹೋಗಿತ್ತು. ಮರುದಿನ ಅವಳು ಬರಲಿಲ್ಲ. ಅವಳ ಬೆಂಚಿನ ಮೇಲೆ ಯಾರೋ ಸೀಮೆಸುಣ್ಣದಿಂದ ಏನೋ ಬರೆದಿದ್ದರು. ನಾನು ಸೆರಗಿನಿಂದ ಒರೆಸಿದೆ. ನಾಲ್ಕು ದಿನವಾದರೂ ಅವಳು ಬರಲಿಲ್ಲ.

ಭಾನುವಾರ ಬೀದರಿನ ಬಸ್ಸು ಹತ್ತಿದೆ. ಜನವಾಡ ದಾಟುವವರೆಗೂ ಕಾರಕೂನರಿಗೆ ಹೇಗೆ ಹೇಳಲಿ ಎಂದು ಮನಸ್ಸಿನಲ್ಲೇ ಮಾತು ಜೋಡಿಸಿದೆ. ಅವರಿಗೆ ಆಗ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ಸಕ್ಕರೆ ಕಾಯಿಲೆಯಿಂದ ಕಾಲು ಊದಿತ್ತು. ನಾನು ಅಳುತ್ತ ಹೇಳಿದ್ದನ್ನು ಪೂರ್ತಿ ಕೇಳಿದರು.

"ಹುಡುಗಿ ಮನಿಗಿ ಹೋಗಿದ್ದಿಯೇನು?"

ಇಲ್ಲ ಸರ್, ಮೊದಲು ನಿಮ್ಮ ಹತ್ತಿರ ಬಂದೆ ಅಂದೆ.

"ನನ್ನ ಹತ್ರ ಯಾಕ ಬಂದಿ? ಕಳಕೊಂಡದ್ದು ನಾನಲ್ಲ, ಆ ಹುಡುಗಿ." ಒಳಗೆ ಕಾಕು ಪಾತ್ರೆ ಸರಿಸಿದ ಸದ್ದಾಯಿತು. ಅವರು ದನಿ ತಗ್ಗಿಸಿದರು. "ಅವತ್ತು ನಾ ನಿಮ್ಮವ್ವನ ಕಡಿ ಯಾಕ ಬಂದಿದ್ದೆ? ಯಾರದ್ದು ಇರ್ತದೋ ಅವರಿಗೆ ಮೊದಲ ಹೇಳಬೇಕು. ಬೈತಾರ, ಬೈಸ್ಕೋ."

ಕಾಕು ಚಹಾ ತಂದರು. ಅವರು ಮಾತು ನಿಲ್ಲಿಸಿ, ಸಂಜಿ ಬಸ್ಸು ತಪ್ಪಸ್ಕೋಬ್ಯಾಡ ಅಂದರು.

ಹುಡುಗಿಯ ಅಜ್ಜಿ ಮೊದಲ ದಿನ ಬಾಗಿಲು ತೆರೆಯಲಿಲ್ಲ. ಎರಡನೆಯ ದಿನ ತೆರೆದು ಬೈದರು. ನಮ್ಮೂರ ಬೈಗುಳಗಳಲ್ಲಿ ಒಂದೂ ಉಳಿಯಲಿಲ್ಲ, ಎಲ್ಲ ಬೈಸಿಕೊಂಡೆ. ಮೂರನೆಯ ದಿನ ಒಳಗೆ ಕರೆದರು. ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ತಪ್ಪು ನನ್ನದು, ನಿನ್ನದೇನೂ ಇಲ್ಲ, ಎಲ್ಲರ ಮುಂದೆ ಹಾಗೆಂದು ಹೇಳುತ್ತೇನೆ, ಸಾಲಿಗೆ ಬಾ ಅಂದೆ. ಅವಳು ನನ್ನ ಮುಖ ನೋಡದೆ ಅಂದಳು:

"ನಾ ನಿಮಗಷ್ಟೇ ಹೇಳಿದ್ದೆರಿ, ಟೀಚರ್."

ಅವಳು ಮತ್ತೆ ನಮ್ಮ ಸಾಲಿಗೆ ಬರಲಿಲ್ಲ. ಬೇರೆ ಊರಿನ ಚಿಕ್ಕಮ್ಮನ ಮನೆಗೆ ಹೋಗಿ ಓದುತ್ತೇನೆ ಅಂದಳು. ಟಿ.ಸಿ. ನಾನೇ ಓಡಾಡಿ ಮಾಡಿಸಿದೆ. ಆ ಸಾಲಿಯಿಂದ ಫೋನ್ ಬಂತು, ನಡು ವರ್ಷದಲ್ಲಿ ಯಾಕೆ ಬಿಟ್ಟಳು, ಏನಾದರೂ ಭಾನಗಡಿಯೇ ಎಂದು. ಚಂದಾಗಿ ಓದ್ತಾಳ್ರಿ, ಉಳಿದದ್ದು ಹೇಳೂ ಪದ್ಧತಿ ನಮ್ಮಲ್ಲಿಲ್ಲ ಅಂದೆ. ಅಂದ ಮೇಲೆ ಅದು ಯಾರ ಮಾತೆಂದು ನೆನಪಾಯಿತು. ಆ ವಾರವೇ ಖಾನೆಯಿಂದ ರಟ್ಟು ತೆಗೆದೆ. ಈಗ ಪಾಲಕರನ್ನು ಒಬ್ಬೊಬ್ಬರನ್ನೇ ಕರೆಸಿ, ಪಟ್ಟಿಯ ಮೇಲೆ ರಟ್ಟಿಟ್ಟು ಅವರ ಸಾಲು ಮಾತ್ರ ತೋರಿಸುತ್ತೇನೆ. ಎರಡು ದಿನ ಹಿಡಿಯುತ್ತದೆ. ಟೀಚರಿಗೆ ತಲೆ ಕೆಟ್ಟಿದೆ ಎಂದು ಮಕ್ಕಳು ನಗುವುದು ನನಗೆ ಕೇಳಿಸುತ್ತದೆ.

ಹುಡುಗಿ ಬೇರೆ ಊರಿನಲ್ಲಿ ಓದುತ್ತಿದ್ದಾಳೆ, ತರಗತಿಗೆ ಮೊದಲನೆಯವಳಂತೆ ಎಂದು ಹೇಳಲು ಮೈಲೂರಿಗೆ ಹೋದೆ. ಅವರು ಹಾಸಿಗೆ ಹಿಡಿದಿದ್ದರು. ಊರಿನ ಹೆಸರು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವರು ಎಡಗೈ ಎತ್ತಿದರು.

"ಯಾವ ಊರು, ಯಾವ ಸಾಲಿ, ನನಗ ಹೇಳಬ್ಯಾಡ. ಓದ್ಲತ್ತಾಳಲ್ಲ, ಸಾಕು."

ನಾನು ಕೇಳಿದ ಅವರ ಕೊನೆಯ ಮಾತು ಅದು. ಇಪ್ಪತ್ತು ದಿನದ ಮೇಲೆ ತೀರಿಕೊಂಡರು.

ದಿನಕರ್ಮ ಮುಗಿದು ನೆಂಟರೆಲ್ಲ ಹೋದ ಮೇಲೆ ನಾನು ಕಾಕುವಿನ ಹತ್ತಿರ ಕೂತಿದ್ದೆ. ಇಷ್ಟು ವರ್ಷ ನೀನು ಬಂದು ಹೋಗುತ್ತಿದ್ದೀ, ಎಷ್ಟೋ ಹುಡುಗರು ಓದಿ ಹೋದರು, ಒಬ್ಬರೂ ಹೀಗೆ ಬರಲಿಲ್ಲ, ನಿನಗೆ ಇವರು ಏನು ಮಾಡಿದ್ದರು ಎಂದು ಅವರು ಕೇಳಿದರು. ನನಗೆ ಆಶ್ಚರ್ಯವಾಯಿತು. ಕಾಕುಗೆ ಎಂದೋ ಗೊತ್ತು ಅಂದುಕೊಂಡಿದ್ದೆ. ಮೂವತ್ತು ವರ್ಷದಲ್ಲಿ ಒಂದು ದಿನವೂ ಕಾರಕೂನರು ಮನೆಯಲ್ಲಿ ನನ್ನ ಸುದ್ದಿ ಎತ್ತಿರಲಿಲ್ಲ. ನನ್ನ ಸಾಲು ನನ್ನದು, ತೋರಿಸಬೇಕಾದವಳು ನಾನೇ. ಎಲ್ಲ ಹೇಳಿದೆ. ದೊಡ್ಡಪ್ಪ, ಪೇಡೆಯ ಡಬ್ಬಿ, ಅಲ್ಮಾರಿ. ಸಂಜೆ ಅವರು ಖಾನಾವಳಿಯ ಹಿಂಬಾಗಿಲಿಗೆ ಬಂದದ್ದು, ಅವ್ವ ಆಣೆ ಹಾಕಿ ಉಣ್ಣಿಸಿದ್ದು.

ಕಾಕು ನನ್ನ ಮೊಣಕೈ ಹಿಡಿದರು.

"ದೀಪಾವಳಿ ಆದ ಮ್ಯಾಲ ಏನು?"

ಹೌದು ಅಂದೆ.

"ಅವತ್ತು ಮಗ್ಗಲ ಮನಿಯಾಕಿ ನೋಡಿ ಬಂದು ಹೇಳಿದಳು, ನಿಮ್ಮವರು ಖಾನಾವಳಿ ಹಿತ್ತಲದಾಗ ಕೂತು ಉಣ್ಲತ್ತಾರ ಅಂತ. ನಾ ಹೋಳಿಗಿ ಮಾಡಿ ಹಾದಿ ಕಾಯ್ಲತ್ತಿದ್ದೆ ಯವ್ವಾ. ಯಾಕ ಹೋಗಿದ್ರಿ ಅಂದ್ರ ಸಾಲಿ ಕೆಲಸ ಅಂದ್ರು. ಖಾನಾವಳ್ಯಾಗ ಎಂಥಾ ಸಾಲಿ ಕೆಲಸ? ಮೂವತ್ತು ವರ್ಷ ಆಡಿಕೊಂಡೇನಿ. ಒಂದು ದಿನಾರ ಹೇಳಬಾರದೇನು ಈ ಮನಷ್ಯಾ?"

ಸೆರಗು ಬಾಯಿಗೆ ಇಟ್ಟುಕೊಂಡರು. ನಗುತ್ತಿದ್ದಾರೋ ಅಳುತ್ತಿದ್ದಾರೋ ಮೊದಲು ತಿಳಿಯಲಿಲ್ಲ, ಎರಡೂ ಇತ್ತು. ಸ್ವಲ್ಪ ಹೊತ್ತಿನ ಮೇಲೆ, ನಿಮ್ಮವ್ವ ಎಷ್ಟು ರೊಟ್ಟಿ ಹಾಕಿದ್ದಳು ಎಂದು ಕೇಳಿದರು. ಎರಡು ಅಂದೆ.

"ಎರಡೇ?" ಕಾಕು ನನ್ನ ಕೈ ಬಿಟ್ಟರು. "ನಾ ಸಿಟ್ಟಿಗೆ ಅವತ್ತು ತಾಟು ಹಾಕಲಿಲ್ಲ. ಎರಡು ರೊಟ್ಟಿಗೆ ಅವರ ಹೊಟ್ಟಿ ತುಂಬೂದಿಲ್ಲವ್ವಾ. ಹಸದೇ ಮಲಗ್ಯಾರ."

ಆಮೇಲೆ ಕಾಕು ಎದ್ದು ಹೋಗಿ ಒಲೆ ಹಚ್ಚಿದರು. ನಾನು ಹಿಟ್ಟು ನಾದಿಕೊಟ್ಟೆ.